ಚೀಟಿಯಲ್ಲಿಲ್ಲದ ಕೂಲಿ

ಒಡವೆಯಂಗಡಿಯವರು ಬರೆದುಕೊಡುವ ಚೀಟಿಯಲ್ಲಿ ತೂಕ, ದರ, ಸವಕಳಿ, ತೆರಿಗೆಗಳ ಜೊತೆಗೆ ‘ಕೂಲಿ’ ಎಂದೂ ಒಂದು ಸಾಲಿರುತ್ತದೆ. ನಮ್ಮ ಚೌಕಾಸಿಯೆಲ್ಲ ಬಹುಮಟ್ಟಿಗೆ ಈ ಒಂದು ಸಾಲಿನ ಮೇಲೆಯೇ ನಡೆಯುವುದು. ಚಿನ್ನದ ದರ ಬೆಳಗಿನ ಪತ್ರಿಕೆಯಲ್ಲಿ ಅಚ್ಚಾಗಿ ಬಂದಿರುತ್ತದೆ. ಅದರ ಮೇಲೆ ಯಾರ ಮಾತೂ ನಡೆಯದು. ತೂಕವಂತೂ ತಕ್ಕಡಿ ಹೇಳಿದಷ್ಟೇ. ಉಳಿದದ್ದು ಅಕ್ಕಸಾಲಿಗನ ಕೂಲಿ. ಮಗಳ ಮದುವೆಗೆಂದು ಲಕ್ಷಗಟ್ಟಲೆ ಎಣಿಸಿಕೊಡಲು ಸಿದ್ಧರಾಗಿ ಬಂದ ಗೃಹಸ್ಥರೂ ಆ ಸಾಲಿನ ಮೇಲೆ ಬೆರಳಿಟ್ಟು, “ಇದೊಂದು ಸ್ವಲ್ಪ ನೋಡಿಕೊಳ್ಳಿ ಸ್ವಾಮಿ” ಎನ್ನುತ್ತಾರೆ. ಬೇರೆಲ್ಲೂ ಜಗ್ಗಲಾರದ್ದನ್ನು ಅಲ್ಲಿ ಜಗ್ಗಬಹುದಲ್ಲ!

ಚಿನ್ನಕ್ಕೆ ಇನ್ನೊಂದು ಕೂಲಿಯೂ ಉಂಟು. ನೆಲದಡಿಯ ಬಂಡೆಯನ್ನು ಒಡೆದು, ಕಲ್ಲನ್ನು ಮೇಲಕ್ಕೆ ಸಾಗಿಸಿದವನ ಕೂಲಿ ಅದು. ಚೀಟಿಯಲ್ಲಿ ಅದಕ್ಕೆ ಸಾಲಿಲ್ಲ. ಕುಲುಮೆಯಲ್ಲಿ ಕರಗಿದ ಮೇಲೆ ಇದು ಕೋಲಾರದ ಚಿನ್ನ, ಇದು ಆಫ್ರಿಕದ ಚಿನ್ನ, ಇದು ಅಜ್ಜಿಯ ಕಾಸಿನ ಸರದ ಚಿನ್ನ ಎಂದು ಬ್ರಹ್ಮನಿಗೂ ಹೇಳಲಾಗದು. 2021ರ ಜೂನಿನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಒಂದೊಂದು ಒಡವೆಗೂ ಅಂಕಿ ಅಕ್ಷರಗಳು ಸೇರಿದ ಆರು ಸ್ಥಾನಗಳ ಬೇರೆಬೇರೆ ಗುರುತು ಬಂತು. ಶುದ್ಧಿ ಎಷ್ಟು ಎಂಬುದನ್ನು ಅದರಿಂದ ತಿಳಿಯಬಹುದು. ಅಗೆದವರು ಯಾರು, ಅವರಿಗೆ ಏನು ಸಿಕ್ಕಿತು ಎಂಬುದು ಮಾತ್ರ ಯಾವ ಗುರುತಿನಿಂದಲೂ ತಿಳಿಯದು.

ಪದಾರ್ಥವನ್ನು ಕೊಳ್ಳುವಾಗ ಅದನ್ನು ಮಾಡಿದವರ ಸ್ಥಿತಿಗತಿಯನ್ನೂ ವಿಚಾರಿಸಬೇಕು, ಸಂಘ ಕಟ್ಟಿಕೊಂಡು ಬಾಳುವ ಕೆಲಸಗಾರರ ಸರಕನ್ನು ಆರಿಸಿ ಕೊಂಡರೆ ಅದೂ ಒಂದು ಬೆಂಬಲವೇ ಎಂಬ ಮಾತನ್ನು ಈಚೆಗೆ ನಾವು ಕೇಳುತ್ತಿದ್ದೇವೆ. ಮಾತು ಒಳ್ಳೆಯದೇ. ಅದು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನು ನೋಡಲು ನಮ್ಮ ನಾಡಿನ ಚರಿತ್ರೆಯಲ್ಲೇ ತಕ್ಕ ನಿದರ್ಶನಗಳಿವೆ. ಎಲ್ಲಕ್ಕಿಂತ ಕಠಿಣವಾದದ್ದು ಚಿನ್ನದ್ದು. ಅದರಿಂದಲೇ ಮೊದಲು ಮಾಡೋಣ.

ಬೆಂಗಳೂರಿನಿಂದ ಜೋಲಾರ್‌ಪೇಟೆಯ ದಿಕ್ಕಿಗೆ ಹೋಗುವ ರೈಲಿನಲ್ಲಿ ಬಂಗಾರಪೇಟೆ ಸಿಗುತ್ತದೆ. ಚೀಫ್ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಅದು ಹಿಂದೆ ಬೌರಿಂಗ್‌ಪೇಟೆಯಾಗಿತ್ತು. ಅಲ್ಲಿಂದ ಒಂದು ಪುಟ್ಟ ಕವಲು ದಾರಿ ಒಡೆದು ಕೋರಮಂಡಲ್, ಊರ್ಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪದಲ್ಲಿ ಮುಗಿಯುತ್ತದೆ. ಆಚೆಗೆ ಹೋಗಲು ಅದಕ್ಕೆ ಊರಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಣಿಗಳಿಗೋಸ್ಕರವೇ ಹಾಕಿದ ದಾರಿ ಅದು. ದಾರಿಯ ಪಕ್ಕದಲ್ಲಿ ಬೂದುಬಣ್ಣದ ಗುಡ್ಡಗಳು ಕಾಣಿಸುತ್ತವೆ. ಹೊಸಬರು ಅವನ್ನು ಪ್ರಕೃತಿಯ ಸೃಷ್ಟಿಯೆಂದೇ ಭಾವಿಸುವುದುಂಟು. ಚಿನ್ನದ ಕಲ್ಲನ್ನು ಪುಡಿಮಾಡಿ, ಸೈನೈಡಿನಿಂದ ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಹಿಟ್ಟನ್ನು ಒಂದು ಶತಮಾನ ಕಾಲ ಸುರಿದದ್ದರಿಂದ ಎದ್ದ ಗುಡ್ಡಗಳು ಅವು.

ಲಂಡನ್ನಿನ ಜಾನ್ ಟೇಲರ್ ಕಂಪನಿಯವರು ಈ ಗಣಿಗಳಿಗೆ ಕೈಹಾಕಿದ್ದು 1880ರಲ್ಲಿ. ಮುಂದೆ ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಎಂಬ ನಾಲ್ಕು ಗಣಿಗಳು ಪ್ರಸಿದ್ಧವಾದುವು. ಚಾಂಪಿಯನ್ ರೀಫ್ ಕೊನೆಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆ ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್. ಮೈಸೂರು ಸಂಸ್ಥಾನಕ್ಕೆ ರಾಜಧನ ಬರುತ್ತಿತ್ತು. ಚಿನ್ನವೂ ಲಾಭವೂ ಹಡಗು ಹತ್ತುತ್ತಿದ್ದುವು.

ಇಲ್ಲಿ ಒಂದು ಸೂಕ್ಷ್ಮವಿದೆ. ನಾನು ಕನ್ನಡ ಪಾಠ ಹೇಳುವವನು, ಅರ್ಥಶಾಸ್ತ್ರ ನನ್ನ ವಿಷಯವಲ್ಲ. ಆದರೂ ಇದು ಯಾರಿಗಾದರೂ ಹೊಳೆಯುವಂಥದು. ಬಟ್ಟೆಯ ಗಿರಣಿಯವನಿಗೆ ಗಿರಾಕಿಯ ಭಯವಿದೆ. ಅವನ ಪಂಚೆ ಬೇಡವಾದರೆ ಜನ ಬೇರೆಯವನ ಪಂಚೆ ಉಡುತ್ತಾರೆ, ಖಾದಿಯ ಕಾಲದಲ್ಲಿ ಮಾಡಿದಂತೆ ಬೀದಿಯಲ್ಲಿ ಸುಡಲೂ ಸುಡುತ್ತಾರೆ. ಚಿನ್ನದ ಗಣಿಯವನಿಗೆ ಆ ಭಯವಿಲ್ಲ. ಸುವರ್ಣಮಾನ ನಡೆಯುತ್ತಿದ್ದಷ್ಟು ಕಾಲ, ಎಷ್ಟು ಚಿನ್ನ ತಂದರೂ ಕಾನೂನಿನಲ್ಲಿ ಗೊತ್ತುಮಾಡಿದ ಬೆಲೆಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ಕೊಂಡುಕೊಳ್ಳುತ್ತಿತ್ತು. ಸರಕು ಮಾರಾಟವಾಗದೆ ಉಳಿಯುವ ಮಾತೇ ಇಲ್ಲ. ಬೆಲೆ ಏರಿಸುವ ಮಾತೂ ಇಲ್ಲ. ಹಾಗಾದರೆ ಲಾಭ ಹೆಚ್ಚಬೇಕಾದರೆ ಎಲ್ಲಿ ಜಗ್ಗಬೇಕು? ಖರ್ಚಿನಲ್ಲಿ. ಖರ್ಚೆಂದರೆ ಬಹುಪಾಲು ಕೂಲಿಯೇ. ಒಡವೆಯಂಗಡಿಯಲ್ಲಿ ನಾವು ಬೆರಳಿಡುವ ಸಾಲಿನ ಮೇಲೆಯೇ ಲಂಡನ್ನಿನ ಷೇರುದಾರರೂ ಬೆರಳಿಟ್ಟರು.

ಆ ಕೂಲಿಯನ್ನು ಪಡೆಯುತ್ತಿದ್ದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು ಮತ್ತು ಚಿತ್ತೂರು ಸೀಮೆಗಳಿಂದ ಕಂತ್ರಾಟುದಾರರು ಕರೆತಂದ ಆದಿದ್ರಾವಿಡರು. ಊರಿನಲ್ಲಿ ಜಮೀನುದಾರನ ಹಂಗು. ಇಲ್ಲಿ ಕಂಪನಿಯ ಹಂಗು. ಆದರೂ ಇಲ್ಲಿ ವಾರಕ್ಕೋ ತಿಂಗಳಿಗೋ ಕೈಗೆ ಕಾಸು ಬರುತ್ತಿತ್ತು, ಮೇಲ್ಜಾತಿಯ ಬೀದಿಯಲ್ಲಿ ಚಪ್ಪಲಿ ಬಿಟ್ಟು ನಡೆಯಬೇಕಾದ ಸಂದರ್ಭ ಕಡಮೆ. ಅದಕ್ಕಾಗಿಯೇ ಬಂದರು, ತಮ್ಮವರನ್ನೂ ಕರೆದರು. ಬಂದವರಿಗೆ ತಟ್ಟಿಯ ಗುಡಿಸಲ ಸಾಲು, ಸುತ್ತ ಬೇಲಿ, ಗಣಿಯಿಂದ ಹೊರಬರುವಾಗ ಮೈತಡವುವ ಕಾವಲುಗಾರರು. ಬಂಡೆಯ ಧೂಳು ಎದೆಯಲ್ಲಿ ಕುಳಿತು ಉಸಿರನ್ನು ಕಟ್ಟುವ ಸಿಲಿಕೋಸಿಸ್ ರೋಗಕ್ಕೆ ಭಾರತದಲ್ಲಿ ಮೊದಲ ದೊಡ್ಡ ಸಾಕ್ಷ್ಯ ದೊರೆತದ್ದು ಇಲ್ಲಿಯೇ. 1940ರ ದಶಕದಲ್ಲಿ ನಡೆದ ತಪಾಸಣೆಯಲ್ಲಿ 7,653 ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಯಲ್ಲಿ ಆ ರೋಗ ಕಂಡಿತು. 1947ರಲ್ಲಿ ಅದರ ವರದಿ ಬೆಳಕಿಗೆ ಬರುವ ಹೊತ್ತಿಗೆ ಗಣಿಗಳಿಗೆ ಅರುವತ್ತು ವರ್ಷ ಮೀರಿತ್ತು. ಅದಕ್ಕೆ ಹಿಂದೆ ಸತ್ತವರು ಕ್ಷಯ, ಕೆಮ್ಮು, ಉಬ್ಬಸ ಎಂಬ ಹೆಸರುಗಳಲ್ಲಿ ಸತ್ತಿರಬೇಕು.

ಕೊಳ್ಳುವವನ ಬೆಂಬಲ ಇವರಿಗೆ ದೊರೆಯುವಂತಿರಲಿಲ್ಲ. ಕೊಳ್ಳುವವನಿಗೆ ಇವರ ಸುದ್ದಿಯೇ ತಿಳಿಯದು. ಉಳಿದಿದ್ದ ಉಪಾಯ ಒಂದೇ, ಕೆಲಸ ನಿಲ್ಲಿಸುವುದು. 1930ರ ಏಪ್ರಿಲಿನಲ್ಲಿ ಹಾಗೆಯೇ ಆಯಿತು. ಕೆಲಸಗಾರರೆಲ್ಲ ಹೆಬ್ಬೆಟ್ಟಿನ ಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂತು. ಒಂದು ಗಣಿಯಲ್ಲಿ ಬೇಡವಾದವನು ಇನ್ನೊಂದು ಗಣಿಯ ಬಾಗಿಲು ತಟ್ಟದಂತೆ ಮಾಡುವ ಉಪಾಯವೆಂದೇ ಜನ ಅದನ್ನು ಅರ್ಥಮಾಡಿಕೊಂಡರು. ಕಳ್ಳರಂತೆ ಬೆರಳೊತ್ತುವುದೇ ಎಂಬ ರೋಷವೂ ಸೇರಿಕೊಂಡಿತು. ಸಾವಿರಾರು ಮಂದಿ ಮೂರು ವಾರ ಗಣಿಗಿಳಿಯಲಿಲ್ಲ. ಅವರಿಗೆ ಆಗ ಸಂಘವಿರಲಿಲ್ಲ. ಬ್ರಿಟಿಷ್ ಇಂಡಿಯದ 1926ರ ಕಾರ್ಮಿಕ ಸಂಘಗಳ ಕಾಯಿದೆ ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ. ಮೈಸೂರಿನಲ್ಲಿ ಸಂಘಗಳಿಗೆ ಕಾನೂನಿನ ನೆಲೆ ದೊರೆತದ್ದು 1942ರ ಕಾರ್ಮಿಕ ಕಾಯಿದೆಯಿಂದ. ಸಂಘವಿಲ್ಲದೆ, ಹೆಸರಿನ ಮುಖಂಡನಿಲ್ಲದೆ ಆ ಮೂರು ವಾರಗಳನ್ನು ಅವರು ಹೇಗೆ ಕಳೆದರೆಂಬುದನ್ನು ನೆನೆದರೆ ಈಗಲೂ ಸೋಜಿಗವಾಗುತ್ತದೆ. ಇಂದು ಪ್ರತಿಯೊಂದು ಬಳೆಗೂ ಓಲೆಗೂ ತನ್ನದೇ ಗುರುತಿನ ಸಂಖ್ಯೆ ಇದೆ. ಅಂದು ಚಿನ್ನಕ್ಕೆ ಗುರುತಿರಲಿಲ್ಲ, ಗುರುತು ಬೇಕಾದದ್ದು ಮನುಷ್ಯನಿಗೆ.

1940ರ ದಶಕದಲ್ಲಿ ಕೆ.ಎಸ್. ವಾಸನ್ ಮೊದಲಾದವರು ಸಂಘಗಳನ್ನು ಕಟ್ಟಿದರು. ಯುದ್ಧ ಮುಗಿದ ಮೇಲಿನ ತುಟ್ಟಿಯ ದಿನಗಳು. ಎಲ್ಲೆಲ್ಲೂ ಮುಷ್ಕರದ ಕಾವು. 1946ರ ನವೆಂಬರ್ 4ರಂದು ಪೋಲೀಸರ ಗುಂಡಿಗೆ ಇಲ್ಲಿ ಆರು ಮಂದಿ ಕಾರ್ಮಿಕರು ಬಲಿಯಾದರು. ಆ ದಿನವನ್ನು ಗಣಿಯ ಊರು ಮರೆತಿಲ್ಲ, ಸಂಘದವರು ಸೇರಿ ನೆನೆಯುತ್ತಾರೆ. ಮಿಕ್ಕ ಕರ್ನಾಟಕಕ್ಕೆ ನವೆಂಬರ್ ಎಂದರೆ ಒಂದನೆಯ ತಾರೀಖು. ನಾಲ್ಕನೆಯ ತಾರೀಖಿಗೆ ತೋರಣಗಳು ಇನ್ನೂ ಬಾಡಿರುವುದಿಲ್ಲ, ಆದರೆ ಕೋಲಾರದ ಆ ಆರು ಮಂದಿಯ ಹೆಸರು ನಮ್ಮ ಯಾವ ವೇದಿಕೆಯಲ್ಲೂ ಕೇಳಿಬರುವುದಿಲ್ಲ. ಸತ್ತವರು ಮನೆಯಲ್ಲಿ ತಮಿಳಾಡುವ ಜನ; ಆದ್ದರಿಂದ ಇದು ನಮ್ಮ ಚರಿತ್ರೆಯಲ್ಲವೆಂಬ ಭಾವ ನಮ್ಮಲ್ಲಿ ಎಲ್ಲೋ ಉಳಿದುಬಿಟ್ಟಿದೆ. ಗಣಿಯ ರಾಜಧನ ಮಾತ್ರ ಯಾವ ಭಾಷೆಯದೆಂದು ಯಾರೂ ವಿಚಾರಿಸಲಿಲ್ಲ.

ಬೆಂಗಳೂರಿನ ಓದುಗರು ಒಂದು ಮಾತನ್ನು ಗಮನಿಸಬೇಕು. ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ತೆಗೆದದ್ದು ನಮ್ಮ ಬೀದಿಗಳಿಗಾಗಿ ಅಲ್ಲ, ಕೋಲಾರದ ಗಣಿಗಳಿಗಾಗಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಆ ಕೆಲಸ ಮುಗಿದು 1902ರ ಜೂನ್ 30ರಂದು 147 ಕಿಲೋಮೀಟರು ಉದ್ದದ ತಂತಿಯ ಮೇಲೆ ವಿದ್ಯುತ್ತು ಗಣಿಗಳನ್ನು ಸೇರಿತು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟಿನಲ್ಲಿ. ಆ ದೀಪದ ಬೆಳಕಿನಲ್ಲಿ ಓದಿ ಎಷ್ಟೋ ಮಂದಿ ಬಿ.ಎ. ಪಾಸಾದರು. ದೊಡ್ಡ ಗಿರಾಕಿಯಾಗಿ ಗಣಿಯಿಲ್ಲದಿದ್ದರೆ ಅಷ್ಟು ಹಣ ಹಾಕಿ ಆ ಜಲಪಾತಕ್ಕೆ ಯಂತ್ರ ಹೂಡಲು ಸಂಸ್ಥಾನಕ್ಕೆ ಧೈರ್ಯ ಬರುತ್ತಿತ್ತೇ ಎಂಬುದು ಸಂದೇಹ. ನಾವು ಗಣಿಯವನ ಚಿನ್ನವನ್ನು ಕೊಳ್ಳದಿದ್ದರೂ ಅವನ ದೀಪವನ್ನು ಎರವು ತಂದೆವು.

ಗಣಿಯವರೂ ಕೊಳ್ಳುವವರೇ ಆಗಿದ್ದರೆಂಬುದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. 1907ರಲ್ಲಿ ಮದರಾಸಿನಲ್ಲಿ ಅಯೋತಿದಾಸ ಪಂಡಿತರು ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆ ತೆಗೆದರು. ಬೆಲೆ ಹೆಸರಿನಲ್ಲೇ ಇದೆ. ಅಸ್ಪೃಶ್ಯರೆನಿಸಿಕೊಂಡವರು ಮೂಲತಃ ಬೌದ್ಧರೆಂದು ಅವರು ವಾದಿಸುತ್ತಿದ್ದರು. ಮಾರಿಕುಪ್ಪದ ಕಾರ್ಮಿಕರಲ್ಲಿ ಆ ಮಾತು ಬೇರೂರಿತು. ಬೌದ್ಧ ಸಂಘ ಹುಟ್ಟಿತು. ಪಂಡಿತರು 1914ರಲ್ಲಿ ತೀರಿಕೊಂಡರು. ಮುಂದೆ ನಿಂತುಹೋಗಿದ್ದ ಆ ಪತ್ರಿಕೆಗೆ 1926ರಲ್ಲಿ ಮತ್ತೆ ಜೀವ ಬಂದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ. ಪಂಡಿತರ ಬರೆಹಗಳು ಪುಸ್ತಕಗಳಾಗಿ ಅಚ್ಚಾದದ್ದೂ ಅಲ್ಲಿಯೇ. ದಿನಗೂಲಿಯವನು ಎಲೆಯಡಕೆಗೋ ಸೆರೆಗೋ ಹೋಗಬಹುದಾಗಿದ್ದ ಕಾಸನ್ನು ತನ್ನವರ ಪತ್ರಿಕೆಗೆ ಕೊಟ್ಟನು. ಓದು ಬಾರದವನೂ ಕೊಂಡು ಓದಿಸಿ ಕೇಳಿರಬೇಕು. ಕೊಳ್ಳುವುದರಿಂದ ಒಂದು ಪಕ್ಷವನ್ನು ಎತ್ತಿಹಿಡಿಯಬಹುದೆಂಬುದನ್ನು ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಇನ್ನು ಗಿರಾಕಿಯೂ ಕೆಲಸಗಾರನೂ ಎದುರುಬದುರಾಗಿ ನಿಲ್ಲುವ ಜಾಗಕ್ಕೆ ಬರೋಣ. ಅಂಥ ಜಾಗದಲ್ಲಿ ಕಥೆ ಬೇರೆಯಾಗುತ್ತದೆ. ಕಾಫಿಯ ಬಳಕೆಯನ್ನು ಹೆಚ್ಚಿಸಲೆಂದು 1930ರ ದಶಕದಿಂದ ನಡೆಯುತ್ತಿದ್ದ ಇಂಡಿಯಾ ಕಾಫಿ ಹೌಸುಗಳನ್ನು 1950ರ ದಶಕದ ನಡುವಿನಲ್ಲಿ ಕಾಫಿ ಬೋರ್ಡು ಮುಚ್ಚತೊಡಗಿತು. ಪರಿಚಾರಕರೂ ಅಡುಗೆಯವರೂ ಬೀದಿಗೆ ಬೀಳುವಂತಾಯಿತು. ಅವರ ಸಂಘ ಹೋರಾಡಿತು. ಕಮ್ಯೂನಿಸ್ಟ್ ಮುಖಂಡ ಎ.ಕೆ. ಗೋಪಾಲನ್ ಅವರು, ಕೆಲಸ ಕೊಡಿರೆಂದು ಬೇಡುವುದನ್ನು ಬಿಟ್ಟು ಹೋಟೆಲುಗಳನ್ನೇ ನೀವು ವಹಿಸಿಕೊಳ್ಳಿರೆಂದರು. ಹಾಗೆ ಹುಟ್ಟಿದ ಕಾಫಿ ಕಾರ್ಮಿಕರ ಸಹಕಾರ ಸಂಘಗಳಲ್ಲಿ ಮೊದಲನೆಯದು ನಮ್ಮ ಬೆಂಗಳೂರಿನದು. ಅದು ಆರಂಭವಾದದ್ದು 1957ರ ಆಗಸ್ಟ್ 19ರಂದು.

ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸನ್ನು ನೆನೆಯದ ಬೆಂಗಳೂರಿಗರು ವಿರಳ. ಬಿಳಿಯ ದಿರಸು, ಅಗಲವಾದ ನಡುಪಟ್ಟಿ, ಬೀಸಣಿಗೆಯಂತೆ ಕುಚ್ಚು ಬಿಟ್ಟ ಪೇಟ. ರಾಜಠೀವಿಯಿಂದ ಬಂದು ದೋಸೆಯ ತಟ್ಟೆಯಿಟ್ಟು ಹೋಗುತ್ತಿದ್ದ ಆ ಮನುಷ್ಯ ಆ ಅಂಗಡಿಯ ಒಡೆಯರಲ್ಲಿ ಒಬ್ಬನೆಂಬುದು ಅಲ್ಲಿ ಕೂತು ಸಾಹಿತ್ಯ, ರಾಜಕೀಯ, ಪಿತೂರಿಗಳನ್ನು ನಡೆಸುತ್ತಿದ್ದ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. ಗೊತ್ತಿದ್ದು ಬಂದವರೂ ಇದ್ದರು. ಒಂದು ಲೋಟ ಕಾಫಿಗೆ ಎರಡು ಗಂಟೆ ಕೂತರೂ ಏಳೆನ್ನುವವರಿಲ್ಲದ ಕಾರಣ ಬಂದವರು ಇನ್ನೂ ಹೆಚ್ಚು. ಅವರನ್ನೂ ಬೆಂಬಲಿಗರ ಲೆಕ್ಕಕ್ಕೆ ಸೇರಿಸುವುದು ಸಹಕಾರಿ ಸಂಘದ ಖಜಾಂಚಿಗೆ ಒಪ್ಪಿಗೆಯಾಗುತ್ತಿತ್ತೋ ಇಲ್ಲವೋ! 2009ರ ಏಪ್ರಿಲಿನಲ್ಲಿ ಆ ಕಟ್ಟಡವನ್ನು ಬಿಡಬೇಕಾಗಿ ಬಂದಾಗ ಹಳೆಯ ಗಿರಾಕಿಗಳು ಕೊನೆಯ ಕಾಫಿಗೆಂದು ನೆರೆದರು, ಸಂಸ್ಥೆ ಹತ್ತಿರದ ಚರ್ಚ್ ಸ್ಟ್ರೀಟಿಗೆ ಹೋಯಿತು, ಗಿರಾಕಿಗಳೂ ಹಿಂದೆಯೇ ಹೋದರು. ಯಾವ ಭಾಷಣವೂ ಇಲ್ಲದೆ ನಡೆದ ಬೆಂಬಲ ಅದು. ಕಾಫಿಯ ರುಚಿಯಲ್ಲಿ ಅದಕ್ಕಿಂತ ಮೇಲಾದ ಹೋಟೆಲುಗಳು ಬೆಂಗಳೂರಿನಲ್ಲಿವೆ ಎಂದು ನನ್ನ ಅಭಿಪ್ರಾಯ. ಆದರೆ ಆ ಮಾತು ಇಲ್ಲಿ ಅಪ್ರಸ್ತುತ.

ಇನ್ನೊಂದು ನಿದರ್ಶನ ನಮಗೆ ಅಷ್ಟೇನೂ ಹೆಮ್ಮೆಯದಲ್ಲ. ಬೀಡಿ ಕೆಲಸಗಾರರಿಗೆ ರಜೆ, ಕೆಲಸದ ವೇಳೆ ಮೊದಲಾದ ಹಕ್ಕುಗಳನ್ನು ಕೊಟ್ಟ 1966ರ ಕೇಂದ್ರ ಕಾಯಿದೆಯನ್ನು ಕೇರಳ ಸರ್ಕಾರ 1968ರಲ್ಲಿ ಜಾರಿಗೆ ತರಹೊರಟಾಗ, ಅಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರಿನ ಕಂಪನಿಗಳು ಕಣ್ಣೂರಿನ ಶಾಖೆಗಳನ್ನು ಮುಚ್ಚಿ ಈಚೆಗೆ ಬಂದುಬಿಟ್ಟುವು. ಕಾಯಿದೆಯ ಜಾರಿ ಇಲ್ಲಿ ಅಷ್ಟು ಬಿಗಿಯಾಗಿರಲಿಲ್ಲ. ಸುಮಾರು ಹನ್ನೆರಡು ಸಾವಿರ ಮಂದಿಗೆ ಕೆಲಸ ತಪ್ಪಿತು. ಆಗಿನ ಕಣ್ಣೂರು ಜಿಲ್ಲೆಯಲ್ಲಿ ನಮ್ಮ ಕಾಸರಗೋಡೂ ಸೇರಿತ್ತೆಂಬುದನ್ನು ಮರೆಯಬಾರದು. ಅದು ಬೇರೆ ಜಿಲ್ಲೆಯಾದದ್ದು 1984ರಲ್ಲಿ. ಕೆಲಸ ಕಳೆದುಕೊಂಡವರು ಸರ್ಕಾರದ ನೆರವಿನಿಂದ 1969ರ ಫೆಬ್ರವರಿ 15ರಂದು ‘ದಿನೇಶ್ ಬೀಡಿ’ ಎಂಬ ಸಹಕಾರ ಸಂಸ್ಥೆಯನ್ನು ಆರಂಭಿಸಿದರು. ಒಬ್ಬ ಪತ್ರಿಕೆ ಓದುವುದು, ಉಳಿದವರು ಎಲೆ ಸುತ್ತುತ್ತ ಕೇಳುವುದು ಆ ಸೀಮೆಯ ಬೀಡಿಮನೆಗಳ ಹಳೆಯ ವಾಡಿಕೆ. ಈ ಸಂಸ್ಥೆಯಲ್ಲೂ ಅದು ಮುಂದುವರಿಯಿತು. ಕಾರ್ಮಿಕರದೇ ಬೀಡಿಯೆಂದು ಹೆಸರು ಹೇಳಿ ಕೇಳಿ ಸೇದುವವರು ಕೇರಳದಲ್ಲಿ ಹೆಚ್ಚಿದರು. 1980ರ ದಶಕದಲ್ಲಿ ಅದರ ಸದಸ್ಯರು ನಲವತ್ತು ಸಾವಿರವನ್ನು ಮೀರಿದರು.

ಬೀಡಿಯ ವಿಷಯದಲ್ಲಿ ಗಿರಾಕಿಯ ನಿಷ್ಠೆಯನ್ನು ಹೊಗಳುವುದು ಮೇಷ್ಟರಾದವರಿಗೆ ಸ್ವಲ್ಪ ಸಂಕೋಚದ ಕೆಲಸ. ಸೇದುವವನ ಎದೆಯೂ ಗಣಿಯವನ ಎದೆಯಂತೆಯೇ ಹಾಳಾಗುವಂಥದು. ಸೇದುವವರು ಕಡಮೆಯಾದಂತೆ ದಿನೇಶ್ ಸಂಸ್ಥೆಯೂ ಮಸಾಲೆ ಪುಡಿ, ತೆಂಗಿನ ಹಾಲು, ಕೊಡೆ, ಸಿದ್ಧ ಉಡುಪುಗಳಿಗೆ ಕೈಹಾಕಿತು. ಆ ಕೊಡೆಯನ್ನು ಯಾರೂ ನಿಸ್ಸಂಕೋಚವಾಗಿ ಹಿಡಿಯಬಹುದು.

ಸರಕಿನ ಮೇಲೆ ಕಾರ್ಮಿಕನ ಗುರುತು ಇದ್ದರೆ ಸಾಕು, ಎಲ್ಲ ನೆಟ್ಟಗಾಯಿತು ಎಂದೂ ತಿಳಿಯಬಾರದು. ಇಂಥ ಗುರುತುಗಳಿಗೆ ಮೂಲಪುರುಷನೆನ್ನಬಹುದಾದದ್ದು ಅಮೆರಿಕದ ಸಾನ್‌ಫ್ರಾನ್ಸಿಸ್ಕೋ ನಗರದ ಚುಟ್ಟ ಕೆಲಸಗಾರರು 1874ರಲ್ಲಿ ಪೆಟ್ಟಿಗೆಗಳಿಗೆ ಅಂಟಿಸಿದ ಬಿಳಿಯ ಚೀಟಿ. ಇದನ್ನು ಸುತ್ತಿದವರು ಚೀಣೀಯರಲ್ಲ, ಬಿಳಿಯರು ಎಂಬುದು ಅದರ ಅರ್ಥ. ಕೆಲಸಗಾರನ ಪರವಾಗಿ ಹುಟ್ಟಿದ ಗುರುತು ಹುಟ್ಟುವಾಗಲೇ ಇನ್ನೊಬ್ಬ ಕೆಲಸಗಾರನನ್ನು ಹೊರಕ್ಕೆ ನೂಕಿತು. ಅಡುಗೆ ಮಾಡಿದವರು ಯಾರೆಂದು ಹೋಟೆಲಿನ ಹಲಗೆಯ ಮೇಲೆ ಜಾತಿ ಸಹಿತ ಬರೆಯುತ್ತಿದ್ದ ದೇಶದವರಾದ ನಾವು ಇದನ್ನು ಬೇಗ ಅರ್ಥಮಾಡಿಕೊಳ್ಳಬಲ್ಲೆವು.

ಕೋಲಾರದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ, 1962ರಲ್ಲಿ ಕೇಂದ್ರ ಸರ್ಕಾರದ ವಶವಾಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಗಿ, 2001ರ ಫೆಬ್ರವರಿ 28ರಂದು ಮುಚ್ಚಿದುವು. ಆಳಕ್ಕೆ ಹೋದಷ್ಟೂ ಖರ್ಚು ಹೆಚ್ಚಿ, ಕಲ್ಲಿನಲ್ಲಿ ಚಿನ್ನ ಕಡಮೆಯಾಗಿತ್ತು. ಶಾಫ್ಟುಗಳಲ್ಲಿ ನೀರು ತುಂಬಿತು. ಗಣಿಗಿಳಿದವರ ಮಕ್ಕಳು, ಮೊಮ್ಮಕ್ಕಳು ಈಗ ಮುಂಜಾನೆ ಮಾರಿಕುಪ್ಪ, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬುತ್ತಿಯ ಡಬ್ಬಿ ಹಿಡಿದು ರೈಲು ಹತ್ತುತ್ತಾರೆ, ಬೆಂಗಳೂರಿನಲ್ಲಿ ದುಡಿದು ರಾತ್ರಿ ಮನೆ ಸೇರುತ್ತಾರೆ. ಕಚೇರಿ, ಅಂಗಡಿ, ಆಸ್ಪತ್ರೆ, ಸಿದ್ಧ ಉಡುಪಿನ ಕಾರ್ಖಾನೆ, ಯಾವುದಾದರೂ ಸರಿ.

ಉಡುಪಿನ ಕಾರ್ಖಾನೆಗಳ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಭವಿಷ್ಯನಿಧಿಯ ಹಣವನ್ನು ಹಿಂದಕ್ಕೆ ಪಡೆಯಲು ಕೇಂದ್ರ ಸರ್ಕಾರ ಹೊಸ ತಡೆಯೊಡ್ಡಿದಾಗ, 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಉಡುಪು ಕಾರ್ಖಾನೆಗಳ ಸಾವಿರಾರು ಹೆಂಗಸರು ಹೊಲಿಗೆಯಂತ್ರ ಬಿಟ್ಟೆದ್ದು ಹೆದ್ದಾರಿಗಿಳಿದರು. 1930ರಂತೆಯೇ ಇದಕ್ಕೂ ಹೆಸರಿನ ಮುಖಂಡರಿರಲಿಲ್ಲ. ಎರಡನೆಯ ದಿನವೇ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು; ಇಡೀ ದೇಶದ ಸಂಬಳಗಾರರಿಗೆ, ಪತ್ರಿಕೆ ಓದುವ ನಮಗೂ ಸೇರಿ, ಅದರ ಪ್ರಯೋಜನ ದೊರೆಯಿತು. ಆ ಎರಡು ದಿನ ನಮ್ಮಲ್ಲಿ ಬಹಳ ಮಂದಿ ಸಂಚಾರಕ್ಕೆ ಅಡ್ಡಿಯಾಯಿತೆಂದು ಗೊಣಗಿದೆವು.

2013ರ ಏಪ್ರಿಲಿನಲ್ಲಿ ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು ಸಾವಿರಕ್ಕೂ ಹೆಚ್ಚು ಕೆಲಸಗಾರರು ಸತ್ತ ಮೇಲೆ, ಯೂರೋಪಿನ ಗಿರಾಕಿಗಳು ಕೇಳಿ ಕೇಳಿ ಪೀಡಿಸಿದ್ದರಿಂದ, ಹಲವು ದೊಡ್ಡ ಕಂಪನಿಗಳು ತಮ್ಮ ಉಡುಪು ಯಾವ ಯಾವ ಕಾರ್ಖಾನೆಯಲ್ಲಿ ತಯಾರಾಗುತ್ತದೆಂಬ ಪಟ್ಟಿಯನ್ನು ಪ್ರಕಟಿಸತೊಡಗಿದುವು. ಬೆಂಗಳೂರಿನಲ್ಲಿ ಹೊಲಿದ ಅಂಗಿಯ ಊರುಕೇರಿಯನ್ನು ಸ್ಟಾಕ್‌ಹೋಮಿನಲ್ಲಿ ಕೂತವನು ಹೀಗೆ ಪತ್ತೆಮಾಡಬಲ್ಲ. ನಮ್ಮ ಚಿಕ್ಕಪೇಟೆಯಲ್ಲೋ ಜಯನಗರದಲ್ಲೋ ಅದೇ ಪ್ರಶ್ನೆ ಕೇಳಿದರೆ ಅಂಗಡಿಯ ಹುಡುಗ ಕೊರಳಪಟ್ಟಿಯನ್ನು ತಿರುಗಿಸಿ, ಅಳತೆ, ನೂಲು, ಒಗೆಯುವ ಕ್ರಮ ಎಲ್ಲವನ್ನೂ ಓದಿ ಹೇಳುತ್ತಾನೆ. “ಅದಲ್ಲಪ್ಪ, ಹೊಲಿದವರು ಯಾರು?” ಎಂದು ಎರಡನೆಯ ಸಲ ಕೇಳಿದರೆ ಒಂದು ಗಳಿಗೆ ಮುಖ ನೋಡಿ, ಯಜಮಾನರನ್ನು ಕರೆಯಲು ಒಳಗೆ ಹೋಗುತ್ತಾನೆ.